ನೀರಿಂದ ನೀರಿಗೆ

ಓದಿದವರ ಲೆಕ್ಕವೆಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎಪ್ಪತ್ತೈದನೇ ಇಸವಿ. ಹಿರಿಯೂರಿನ ಆಚೆ ಒಂದು ಸರ್ಕಾರಿ ಫಾರಮ್ಮಿನಲ್ಲಿ ನಾನು, ಮಾಡದಕೆರೆ ಕಡೆಯ ಹಟ್ಟಿಯ ಕಾಟಯ್ಯ, ಕುರಿ ಕಾಯುತ್ತಿದ್ದೆ. ಆರು ವರ್ಷ ದಿನಗೂಲಿಯಲ್ಲಿ ದುಡಿದ ಮೇಲೆ ಆ ತಿಂಗಳು ಕೆಲಸ ಕಾಯಂ ಆಗುವುದಿತ್ತು.

ಅದೇ ಹೊತ್ತಿಗೆ ಸಿಡ್ನಿಯಿಂದ ತಳಿ ಬೆಳೆಸಲು ಹತ್ತು ಟಗರು ವಿಮಾನದಲ್ಲಿ ಮದ್ರಾಸಿಗೆ ಬರುತ್ತವೆಂದು ತಂತಿ ಬಂತು. ಫಾರಮ್ಮಿನ ಸಾಹೇಬರು ಗೋಡೆಯ ನಕ್ಷೆಯ ಮೇಲೆ ಬೆರಳಾಡಿಸಿ, "ಒಂಬತ್ತು ಸಾವಿರ ಕಿಲೋಮೀಟರು. ಬರೀ ಹದಿಮೂರು ಗಂಟೆ" ಎಂದರು.

"ನೀರಿಂದ ನೀರಿಗೆ ಎಷ್ಟೊತ್ತು ಸಾಮಿ?" ಎಂದೆ. ನಾವು ಹಟ್ಟಿಯವರು ದಾರಿ ಅಳೆಯುವುದೇ ಹಾಗೆ. ಕುರಿ ಕೊನೆಗೆ ಕುಡಿದ ಕೆರೆಯಿಂದ ಮುಂದೆ ಕುಡಿಯುವ ಕೆರೆಯವರೆಗೆ ಒಂದು ದಾರಿ. ನಡುವೆ ಎಷ್ಟು ಮೈಲಿ ಎಂಬುದು ಕುರಿಗೆ ಬೇಕಾಗಿಲ್ಲ.

"ಲೇ ಕಾಟಯ್ಯ, ಆಕಾಶದಾಗೆ ಕೆರೆ ಕಟ್ಟಿಸ್ಲೇನೋ?" ಎಂದರು. ಆಫೀಸೆಲ್ಲ ನಕ್ಕಿತು. ಎರಡು ಹಂಡೆ ನೀರು ಹೇರಿಕೊಂಡು ನಾನೂ ಲಾರಿಯಲ್ಲಿ ಹೋಗುತ್ತೇನೆಂದು ಕೈ ಮುಗಿದೆ. ಬೇಡವೆಂದರು. ಡ್ರೈವರ್ ದಾಸಣ್ಣ ಒಬ್ಬನೇ ಹೋದ.

ವಿಮಾನವೇನೋ ಹೇಳಿದ ಹೊತ್ತಿಗೇ ಇಳಿಯಿತಂತೆ. ಆದರೆ ಹತ್ತುವ ಮುಂಚೆ ಟಗರುಗಳು ಸಿಡ್ನಿಯಲ್ಲೇ ಅರ್ಧ ದಿನ ನೀರಿಲ್ಲದೆ ಕಾದಿದ್ದವು. ಇಳಿದ ಮೇಲೆ, ಯಾವುದೋ ಕಾಗದಕ್ಕೆ ಮೊಹರು ಬೀಳುವ ತನಕ, ಒಂದು ದಿನ ಮರದ ಪೆಟ್ಟಿಗೆಯಲ್ಲೇ ನಿಂತಿದ್ದವು. ಆಮೇಲೆ ಮೇ ತಿಂಗಳ ಬಿಸಿಲಲ್ಲಿ ಲಾರಿ. ಮೂರನೇ ದಿನ ಮಧ್ಯಾಹ್ನ ಬಂದಿಳಿದಾಗ ಒಂದು ಸತ್ತು ಸೆಟೆದಿತ್ತು. ಉಳಿದ ಒಂಬತ್ತೂ ನಾಲಗೆ ಚಾಚಿ ಬಿದ್ದಿದ್ದವು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಸಾಹೇಬರಿಗೆ ಆಗ ನೀರು ನೆನಪಾಯಿತು. ತೊಟ್ಟಿ ತುಂಬಿಸಿ ಬಿಡಿ ಎಂದು ಕೂಗಿದರು. ಬಾಯಾರಿದ ಕುರಿ ಒಮ್ಮೆಗೇ ಹೊಟ್ಟೆ ಬಿರಿಯ ಕುಡಿದರೆ ಸಾಯುತ್ತದೆ. ನಮ್ಮ ಹಟ್ಟಿಯ ಕೂಸಿಗೂ ಗೊತ್ತಿರುವ ಮಾತು. ನಾನು ತೊಟ್ಟಿಗೆ ಅಡ್ಡ ನಿಂತೆ. ಒಂದೊಂದಕ್ಕೂ ಬೊಗಸೆ ಬೊಗಸೆಯಾಗಿ ಕುಡಿಸತೊಡಗಿದೆ.

ಸಂಜೆ ಆಫೀಸಿಗೆ ಕರೆದು ಕಾಗದ ಮುಂದಿಟ್ಟರು. ನನಗೆ ಅಕ್ಷರ ಬಾರದು, ದಾಸಣ್ಣನಿಂದ ಓದಿಸಿದೆ. "ಪ್ರಯಾಣದ ಅವಧಿ ಹದಿಮೂರು ಗಂಟೆ. ಹತ್ತೂ ಟಗರು ಆರೋಗ್ಯವಾಗಿ ಬಂದವು. ಕಾಯುವವನು ನೀರು ಕುಡಿಯಗೊಡದೆ ಒಂದು ಸತ್ತಿತು."

"ಹೆಬ್ಬೆಟ್ಟು ಒತ್ತು. ಬರೀ ಎಚ್ಚರಿಕೆ ಬರೆದು ಕೆಲಸ ಕಾಯಂ ಮಾಡ್ತೀನಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡ" ಎಂದರು ಸಾಹೇಬರು.

"ನನ್ನ ಕೈಯಾಗೆ ಒಂದು ಮರಿನೂ ನೀರಿಲ್ದೆ ಸತ್ತಿಲ್ಲ ಸಾಮಿ. ಸುಳ್ಳಿಗೆ ನನ್ನ ಬೆಟ್ಟು ಸಿಗಾಕಿಲ್ಲ" ಎಂದೆ.

"ಹಂಗಾದ್ರೆ ಈಗ್ಲೇ ನಡಿ."

"ಒಂಬತ್ತು ಜೀವ ಇನ್ನೂ ಕುಡೀತಾ ಅವೆ. ಅವು ಎದ್ಮ್ಯಾಲೆ ನಡೀತೀನಿ."

ಯಾರೂ ತಡೆಯಲಿಲ್ಲ, ಹಾಗೆ ಕುಡಿಸುವುದು ಅಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಒಂಬತ್ತನೆಯದು ಕಾಲೂರಿ ನಿಂತ ಮೇಲೆ ಕೈ ಒರೆಸಿಕೊಂಡು ಗೇಟು ದಾಟಿದೆ.

ಬೆಟ್ಟು ಬೀಳದ ಆ ಕಾಗದ ಏನಾಯಿತೋ, ಬಾಯಾರಿ ಬಂದ ಒಂಬತ್ತು ವಿದೇಶಿ ಟಗರನ್ನು ತಮ್ಮ ಜಾಣ್ಮೆಯಿಂದ ಉಳಿಸಿದರೆಂದು ಆ ವರ್ಷವೇ ಸಾಹೇಬರಿಗೆ ಬಡ್ತಿ ಸಿಕ್ಕಿತು.