ಒಂದು ಗೆಲಾಕ್ಸಿಯ ಓರೆ

ಆತಿಯಾ ಪಾಂಡವಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಹದಿನಾರು ವರ್ಷದಿಂದ ಫಿಸಿಕ್ಸ್ ಪಾಠ ಮಾಡುತ್ತಿದ್ದಳು. ಅದರಲ್ಲಿ ಕೊನೆಯ ಒಂಬತ್ತು ವರ್ಷ ಪಿಎಚ್.ಡಿ. ಕೂಡ ಅವಳ ಬೆನ್ನಿಗಿತ್ತು. ಮನೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ. ವಾರವೆಲ್ಲ ಬಸ್ಸು, ಕ್ಲಾಸು, ಲ್ಯಾಬ್ ರೆಕಾರ್ಡು. ಸಂಶೋಧನೆ ಅಂದರೆ ಭಾನುವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲಿನ ಕೆಲಸ. ಥೀಸಿಸ್ ಕೊಟ್ಟಾಗಿತ್ತು. ಪರೀಕ್ಷಕರ ವರದಿಗಳೂ ಬಂದಿದ್ದವು. ಕೊನೆಯ ಮೌಖಿಕ ಪರೀಕ್ಷೆಗೆ, ವೈವಾಕ್ಕೆ, ಇನ್ನು ಹನ್ನೆರಡು ದಿನ ಇತ್ತು.

ಅವಳು ಮಾಡಿದ್ದು ಗೆಲಾಕ್ಸಿಗಳು ತಿರುಗುವ ವೇಗದ ಲೆಕ್ಕ. ಸೂರ್ಯನಿಂದ ದೂರ ಹೋದಂತೆ ಗ್ರಹಗಳು ನಿಧಾನವಾಗುತ್ತವೆ. ಗೆಲಾಕ್ಸಿಯ ಅಂಚಿನಲ್ಲೂ ಹಾಗೇ ಆಗಬೇಕು, ಆದರೆ ಆಗುವುದಿಲ್ಲ. ಅಂಚಿನ ನಕ್ಷತ್ರಗಳೂ ಅನಿಲವೂ ಒಳಗಿನವುಗಳಷ್ಟೇ ಜೋರಾಗಿ ಓಡುತ್ತವೆ. ಕಣ್ಣಿಗೆ ಕಾಣುವ ದ್ರವ್ಯ ಅವನ್ನು ಹಿಡಿದಿಡಲು ಸಾಲುವುದಿಲ್ಲ. ಹಾಗಾಗಿ ಕಾಣದ ದ್ರವ್ಯ, ಡಾರ್ಕ್ ಮ್ಯಾಟರ್, ಇದೆ ಎನ್ನುತ್ತಾರೆ. ಅವಳ ಗೈಡ್ ಅನಂತರಾಮು ಅವರು ಇದನ್ನು ಪೂರ್ತಿ ಒಪ್ಪಿದವರಲ್ಲ. ಆತಿಯಾ ಅಳೆದ ಹನ್ನೆರಡು ಗೆಲಾಕ್ಸಿಗಳಲ್ಲಿ ಒಂದು ಪುಟ್ಟ ಮಸುಕು ಗೆಲಾಕ್ಸಿ ಮಾತ್ರ ಅವರ ಪಕ್ಷಕ್ಕೆ ನಿಂತಿತ್ತು. ಅದು ಎಷ್ಟು ನಿಧಾನವಾಗಿ ತಿರುಗುತ್ತಿತ್ತೆಂದರೆ ಕಾಣುವ ದ್ರವ್ಯವೇ ಅದಕ್ಕೆ ಸಾಕಾಗುತ್ತಿತ್ತು. ಇಬ್ಬರ ಹೆಸರಲ್ಲೂ ಪೇಪರ್ ಅಚ್ಚಾಗಿತ್ತು. ಥೀಸಿಸ್ಸಿನ ಮುಖ್ಯ ಅಧ್ಯಾಯವೂ ಅದೇ.

ಆ ಭಾನುವಾರ ಅವಳು ಕೂತದ್ದು ವೈವಾಕ್ಕೆ ಚಂದದ ಒಂದು ಚಿತ್ರ ಹುಡುಕಲಿಕ್ಕೆ. ದೊಡ್ಡ ಟೆಲಿಸ್ಕೋಪೊಂದರ ಹೊಸ ಚಿತ್ರಗಳನ್ನು ಆ ವಾರ ಎಲ್ಲರಿಗೂ ಬಿಟ್ಟಿದ್ದರು. ತನ್ನ ಗೆಲಾಕ್ಸಿಯನ್ನು ಹುಡುಕಿ ತೆರೆದಳು. ಹಳೆಯ ಚಿತ್ರದಲ್ಲಿ ಅದು ಮೊಟ್ಟೆಯಾಕಾರದಲ್ಲಿ ಕಾಣುತ್ತಿತ್ತು. ದುಂಡನೆಯ ತಟ್ಟೆಯನ್ನು ಓರೆಯಾಗಿ ಹಿಡಿದರೆ ಹಾಗೇ ಕಾಣುವುದು. ಅದರಿಂದ ಮೂವತ್ತಮೂರು ಡಿಗ್ರಿ ಓರೆ ಎಂದು ಅಳೆದಿದ್ದಳು. ಹೊಸ ಚಿತ್ರದಲ್ಲಿ ಆ ಮೊಟ್ಟೆಯ ಸುತ್ತ ಇನ್ನೂ ಮಸುಕಾದ, ಹೆಚ್ಚುಕಮ್ಮಿ ದುಂಡಗಿನ ತಟ್ಟೆ ಹರಡಿತ್ತು. ತಾನು ಅಳೆದದ್ದು ನಡುವಿನ ಉದ್ದನೆಯ ಪ್ರಕಾಶದ ಪಟ್ಟಿಯನ್ನು, ಇಡೀ ತಟ್ಟೆಯನ್ನಲ್ಲ.

ಮತ್ತೆ ಅಳೆದಳು. ಹದಿನೆಂಟು ಡಿಗ್ರಿ ಬಂತು. ನಮ್ಮತ್ತ ಬರುವ ಇಲ್ಲವೇ ನಮ್ಮಿಂದ ದೂರ ಹೋಗುವ ಓಟವನ್ನಷ್ಟೇ ಅಳೆಯಲಾಗುವುದು. ಗೆಲಾಕ್ಸಿ ನಮಗೆ ಹೆಚ್ಚು ಮುಖಕೊಟ್ಟು ನಿಂತಷ್ಟೂ ಹಾಗೆ ಸಿಗುವ ಪಾಲು ಕಮ್ಮಿ. ಹಾಗಾದರೆ ನಿಜವಾದ ವೇಗ ಅವಳು ಬರೆದದ್ದರ ಒಂದೂಮುಕ್ಕಾಲು ಪಟ್ಟು. ಹಿಡಿದಿಡಲು ಬೇಕಾದ ದ್ರವ್ಯ ಮೂರು ಪಟ್ಟು. ಕಾಣುವ ದ್ರವ್ಯ ಸಾಲದು. ಎಲ್ಲ ಗೆಲಾಕ್ಸಿಗಳ ಹಾಗೇ ಇದೂ ಒಂದು. ಅಳು ಬರಬಹುದು ಅಂದುಕೊಂಡಳು, ಬರಲಿಲ್ಲ.

ಗಂಡ ಅಜ್ಮಲ್ ಗೂಡ್ಸ್ ಆಟೋ ಓಡಿಸುತ್ತಿದ್ದ. ವೈವಾದ ದಿನ ಊಟಕ್ಕೆ ಬನ್ನಿ ಎಂದು ನಾಗಮಂಗಲದ ತಂಗಿಯ ಮನೆಯವರಿಗೆಲ್ಲ ಹೇಳಿಬಿಟ್ಟಿದ್ದ. ಸಂಜೆ ಅವನು ಬಂದಾಗ ಆತಿಯಾ ಚಿತ್ರ ತೋರಿಸಿ ವಿವರಿಸಿದಳು. ಅವನಿಗೆ ಅರ್ಧ ತಿಳಿಯಿತು. ತಪ್ಪು ನಿನ್ನದೇನಾ ಎಂದು ಕೇಳಿದ. ಹೌದು ಎಂದಳು. ಫೋನ್ ತೆಗೆದುಕೊಂಡು ಹೊರಗೆ ಹೋಗಿ, ಸದ್ಯಕ್ಕೆ ಬರಬೇಡಿ ಎಂದು ನಾಗಮಂಗಲಕ್ಕೆ ತಿಳಿಸಿದ.

ಮಂಗಳವಾರ ರಜೆ ಹಾಕಿ ಮೇಲುಕೋಟೆ ಬಸ್ಸು ಹತ್ತಿದಳು. ನಿವೃತ್ತರಾದ ಮೇಲೆ ಅನಂತರಾಮು ಊರಿಗೇ ಬಂದು ನೆಲೆಸಿದ್ದರು. ಮಂಡಿನೋವಿನಿಂದ ಮೆಟ್ಟಿಲಿಳಿಯುವುದನ್ನೇ ಬಿಟ್ಟಿದ್ದರು. ಚಿತ್ರವನ್ನು ತುಂಬ ಹೊತ್ತು ನೋಡಿದರು.

"ಬೇರೆ ಯಾರಾದ್ರೂ ನೋಡಿದಾರೇನಮ್ಮ ಇದನ್ನ?"

"ನಮ್ಮ ಮನೆಯವರು ಬಿಟ್ರೆ ಯಾರೂ ಇಲ್ಲ ಸರ್."

"ವೈವಾ ಮುಗಿದುಬಿಡಲಿ. ಆಮೇಲೆ ತಿದ್ದುಪಡಿ ಕಳಿಸಿದ್ರಾಯ್ತು. ನೀನೂ ಎಷ್ಟು ವರ್ಷ ಅಂತ ಒದ್ದಾಡ್ತೀಯ?"

ಜಕ್ಕನಹಳ್ಳಿ ದಾಟುವಾಗ ಬಸ್ಸಿನಲ್ಲಿ ಅವಳು ಆಸೆಪಟ್ಟದ್ದು ಇದೇ ಮಾತಿಗೆ. ಸರ್ ಹೀಗೆ ಹೇಳಿದರೆ ಒಪ್ಪಿಬಿಡೋಣ ಅಂದುಕೊಂಡೇ ಬಂದಿದ್ದಳು. ಅವರ ಬಾಯಿಂದ ಕೇಳಿದಾಗ ಮಾತ್ರ, ಇನ್ನೂ ಹತ್ತು ದಿನ ಇದನ್ನು ಬಚ್ಚಿಟ್ಟುಕೊಂಡು ಓಡಾಡುವಷ್ಟು ಶಕ್ತಿ ತನ್ನಲ್ಲಿ ಇಲ್ಲ ಅನ್ನಿಸಿತು.

"ಓರೆ ಹೇಗೆ ಅಳೆದ್ರಿ ಅಂತ ವೈವಾದಲ್ಲಿ ಕೇಳ್ತಾರೆ ಸರ್. ಕೇಳೇ ಕೇಳ್ತಾರೆ. ಆಗ ನಾನು ಏನು ಹೇಳಲಿ?"

ಅನಂತರಾಮು ಹಳೆಯ ಡೈರಿಯೊಂದನ್ನು ಎಳೆದುಕೊಂಡು, ಪೆನ್ಸಿಲ್ ಹಿಡಿದು, ಅವಳ ಲೆಕ್ಕವನ್ನು ಮೊದಲಿನಿಂದ ತಾವೇ ಮಾಡಿದರು. ಮಧ್ಯೆ ಒಮ್ಮೆ ಹೆಂಡತಿ ಇಂದಿರ ಕಾಫಿ ತಂದಿಟ್ಟರು; ಅದು ಹಾಗೇ ಆರಿತು. ಅವರಿಗೂ ಮೂರು ಪಟ್ಟೇ ಬಂತು. ಡೈರಿ ಮುಚ್ಚಿ ಕಿಟಕಿಯ ಕಡೆ ತಿರುಗಿದರು.

"ಕಾಣದ ವಸ್ತುವನ್ನ ಇದೆ ಅನ್ನೋದಕ್ಕೆ ನನ್ನ ಮನಸ್ಸು ಯಾವತ್ತೂ ಒಪ್ಪಲಿಲ್ಲ. ಇಪ್ಪತ್ತು ವರ್ಷಕ್ಕೆ ಇದೊಂದು ಸಿಕ್ಕಿತ್ತು" ಎಂದರು. ಆಮೇಲೆ, "ಬರಿ. ಪೇಪರ್ ವಾಪಸ್ ತಗೋತೀವಿ ಅಂತ ಬರಿ. ನನ್ನ ಹೆಸರೂ ಹಾಕು" ಎಂದರು.

ಪೇಪರ್ ಅಚ್ಚಾದ ಪತ್ರಿಕೆಗೂ ವಿಶ್ವವಿದ್ಯಾಲಯಕ್ಕೂ ಪತ್ರ ಅಲ್ಲೇ ಬರೆದು, ಅಲ್ಲಿಂದಲೇ ಕಳಿಸಿದರು. ವೈವಾ ನಿಂತಿತು. ಥೀಸಿಸ್ ತಿದ್ದಿ ಮತ್ತೆ ಸಲ್ಲಿಸಲು ವಿಶ್ವವಿದ್ಯಾಲಯ ಒಪ್ಪುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಸ್ಟಾಫ್ ರೂಮಿನಲ್ಲಿ ಮೊದಮೊದಲು ಕೇಳುತ್ತಿದ್ದರು, ಆಮೇಲೆ ಬಿಟ್ಟರು. ಅಟೆಂಡರ್ ತಮ್ಮಯ್ಯ ಒಬ್ಬ ಮಾತ್ರ ಬಿಡಲಿಲ್ಲ. "ಯಾರೂ ಕೇಳ್ದೆ ಇರೋ ತಪ್ಪ ನೀವೇ ಯಾಕ್ ಯೋಳಕ್ ವೋದ್ರಿ ಮೇಡಂ? ಇಂಗ್ ಮಾಡ್ಬುಟ್ರಲ್ಲ" ಎಂದು ನಿಜವಾಗಿಯೂ ನೊಂದುಕೊಂಡ. ಆತಿಯಾ ನಕ್ಕು ಹಾಜರಿ ಪುಸ್ತಕ ತೆಗೆದುಕೊಂಡಳು.

ಉಳಿದ ಹನ್ನೊಂದು ಗೆಲಾಕ್ಸಿಗಳ ಓರೆಯನ್ನೂ ಹೊಸ ಚಿತ್ರಗಳಲ್ಲಿ ಒಂದೊಂದಾಗಿ ಅಳೆದಳು. ಭಾನುವಾರಗಳು ಒಂದೂವರೆ ವರ್ಷ ಹಾಗೇ ಹೋದವು. ಎಲ್ಲಕ್ಕೂ ಕಾಣದ ದ್ರವ್ಯ ಬೇಕಾಯಿತು. ಹೊಸದೇನೂ ಸಿಗಲಿಲ್ಲ. ಮಸುಕು ಗೆಲಾಕ್ಸಿಗಳ ಓರೆಯನ್ನು ಹಳೆಯ ಚಿತ್ರಗಳಿಂದ ಅಳೆದರೆ ಎಷ್ಟು ಮೋಸಹೋಗಬಹುದು ಎಂಬ ಒಂದು ಅಧ್ಯಾಯ ಮಾತ್ರ ಅವಳದೇ ಆಗಿತ್ತು. ಕೊನೆಗೂ ನಡೆದ ವೈವಾದಲ್ಲಿ ಪರೀಕ್ಷಕರು ಹೆಚ್ಚು ಕೇಳಿದ್ದೂ ಅದನ್ನೇ. ನಲವತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಹೊರಗೆ ಬಂದು, ಕಾರಿಡಾರಿನ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು ಕೂತು, ಅನಂತರಾಮು ಅವರಿಗೆ ಫೋನ್ ಮಾಡಿದಳು. ಆಯ್ತು ಸರ್ ಎಂದಳು. ಅವರು ಒಳ್ಳೇದಾಗಲಿ ಎಂದರು.

"ಹಾಗಾದ್ರೆ ಇದೆ ಅನ್ನು, ಆ ಕಾಣದ್ದು" ಎಂದರು ಅವರು.

"ಏನೋ ಒಂದು ಇರಲೇಬೇಕು ಸರ್. ಇಲ್ಲಾಂದ್ರೆ ನಮಗೆ ಗುರುತ್ವಾಕರ್ಷಣೆಯೇ ಸರಿಯಾಗಿ ಗೊತ್ತಿಲ್ಲ. ಎರಡರಲ್ಲಿ ಯಾವುದು ಅಂತ ನನ್ನ ಥೀಸಿಸ್ಸಿಂದ ಹೇಳೋಕಾಗಲ್ಲ."

"ವೈವಾದಲ್ಲೂ ಹೀಗೇ ಹೇಳಿದ್ಯಾ?"

"ಹೀಗೇ ಹೇಳಿದೆ."

ಸರಿಯಾಗಿ ಹೇಳಿದೀಯ, ಮನೆಗೆ ಹೋಗಿ ಮಲಕ್ಕೋ ಎಂದು ಅವರು ಫೋನಿಟ್ಟರು. ಆತಿಯಾ ಅಲ್ಲೇ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಯಾರೋ ಬಂದು, ಮೇಡಂ, ಇಲ್ಲೊಂದು ಸಹಿ ಬಾಕಿಯಿದೆ ಎಂದು ಎಬ್ಬಿಸುವವರೆಗೆ ನಿದ್ದೆ ಮಾಡಿದಳು.