ಗುಲಾಬಿ ಕಾಲಿನ ನೊಣ

ಆ ಡ್ರೋನಿಗೆ ನೊಣ ಎಂದು ಹೆಸರಿಟ್ಟವರು ಅತ್ತೆ. ಅದು ಮನೆಗೆ ಬಂದ ದಿನ ಅಡುಗೆಮನೆಯ ಕಿಟಕಿಯಾಚೆ ನಿಂತು ಗುಂಯ್ ಅಂದಾಗ ಸೌಟು ಎತ್ತಿ, "ಹೋಗಾಚೆ, ಇಲ್ಲೇನೂ ಸಕ್ಕರೆ ಚೆಲ್ಲಿಲ್ಲ" ಎಂದು ಗದರಿದ್ದರು. ಹೆಸರು ಅಂಟಿಕೊಂಡಿತು. ಈಗ ಆ ನೊಣ ಸೊಸೆಯ ಮಡಿಲಲ್ಲಿ ಮೂರು ಕಾಲು ಚಾಚಿ ಬಿದ್ದಿತ್ತು. ನಾಲ್ಕನೆಯ ಕಾಲು ಅವಳ ಕರ್ಚೀಫಿನಲ್ಲಿತ್ತು.

ಕೆಡವಿದವಳು ಅವಳೇ. ಶಾಲೆಯ ವ್ಯಾನು ಓಡಿಸುವವಳು, ಇಷ್ಟು ವರ್ಷದಲ್ಲಿ ವ್ಯಾನಿಗೆ ಒಂದು ಗೀರು ಬೀಳಿಸಿದವಳಲ್ಲ. ಇವಳ ಕೈ ಅಲುಗದೆ ನಿಲ್ಲುತ್ತದೆ ಎಂದೇ ಗಂಡ ಡ್ರೋನಿನ ರಿಮೋಟನ್ನು ಇವಳಿಗೆ ಒಪ್ಪಿಸಿದ್ದ. ಅವನು ಹೆಂಚಿನ ಚಾವಣಿ ರಿಪೇರಿ ಮಾಡುವವನು. ಹಿಂದೊಮ್ಮೆ ಚಾವಣಿಯಿಂದ ಜಾರಿ ಬಿದ್ದು ಸೊಂಟಕ್ಕೆ ಉಕ್ಕಿನ ಸರಳು ಹಾಕಿಸಿಕೊಂಡಿದ್ದ. ಇನ್ನು ಏಣಿಯ ಮೇಲೆ ಕಾಲಿಡಬೇಡ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಹೆಂಚು ಹೊದಿಸುವುದಕ್ಕೆ ಕೆಲಸದವರಿದ್ದರು. ಯಾವ ತೊಲೆ ಗಟ್ಟಿ, ಯಾವುದು ಟೊಳ್ಳು ಎಂದು ನೋಡಿ ಹೇಳುವ ಕಣ್ಣು ಮಾತ್ರ ಅವನೊಬ್ಬನದು. ಹಾಗಾಗಿ ಯಾರೋ ಮಾರಾಟಕ್ಕಿಟ್ಟಿದ್ದ ಹಳೆಯ ಡ್ರೋನು ಮನೆಗೆ ಬಂತು. ಅವಳು ಹಾರಿಸುತ್ತಿದ್ದಳು. ಅವನು ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಪರದೆ ನೋಡುತ್ತ, "ಇನ್ನೂ ಮುಂದೆ, ಇನ್ನೂ, ಹಾಂ, ನಿಲ್ಲು" ಎನ್ನುತ್ತಿದ್ದ. ಸಂಸಾರ ಹೀಗೆ ನೆಲದ ಮೇಲೆಯೇ ಸಾಗುತ್ತಿದ್ದುದರಿಂದ ಅವಳಿಗೆ ರಾತ್ರಿ ನಿದ್ದೆ ಬರುತ್ತಿತ್ತು.

ಈಗಿನ ಕೆಲಸ ಹಳೆಯ ಗ್ರಂಥಾಲಯದ್ದು. ಓದುವ ಕೋಣೆಯಲ್ಲಿ ಪುಸ್ತಕದ ಕಪಾಟುಗಳ ನಡುವೆ ಬಕೆಟ್ಟುಗಳು ಸಾಲಾಗಿ ಕೂತಿದ್ದವು. ಮೇಲಿನಿಂದ ನೋಡಿದರೆ ಹೆಂಚುಗಳೆಲ್ಲ ನೆಟ್ಟಗಿದ್ದವು. "ಸೂರಿನ ಕೆಳಗಡೆ ನೋಡ್ಬೇಕು. ಮರದಲ್ಲೇ ಏನೋ ಇದೆ" ಎಂದ ಗಂಡ. ಆದರೆ ನೊಣದ ಕ್ಯಾಮೆರಾ ನೇರಕ್ಕೆ ನೋಡುತ್ತದೆ, ಕೆಳಕ್ಕೆ ನೋಡುತ್ತದೆ, ಕತ್ತೆತ್ತಿ ಮೇಲಕ್ಕೆ ಮಾತ್ರ ನೋಡಲಾರದು. ಓರೆಯಾಗಿಯಾದರೂ ಕಂಡೀತು ಎಂದು ಅವಳು ಅದನ್ನು ಸೂರಿನ ಅಡಿಗೇ ನುಗ್ಗಿಸಿದಳು. ಚಾವಣಿಗೆ ತೀರಾ ಹತ್ತಿರ ಹೋದ ಡ್ರೋನನ್ನು ಅದರದೇ ಗಾಳಿ ಮೇಲಕ್ಕೆ ಎಳೆದುಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ಅವಳು ರಿಮೋಟಿನ ಕಡ್ಡಿಯನ್ನು ಕೆಳಕ್ಕೆ ಒತ್ತುತ್ತಲೇ ಇದ್ದಳು, ನೊಣ ಮರಕ್ಕೆ ಅಂಟಿಕೊಂಡು ರೆಕ್ಕೆ ಬಡಿಯಿತು, ಆಮೇಲೆ ಮೆಟ್ಟಿಲ ಮೇಲೆ ಬಿತ್ತು.

ವಾಪಸು ಬರುವಾಗ ವ್ಯಾನಿನಲ್ಲಿ ಗಂಡ ತಣ್ಣಗೆ ಹೇಳಿದ, "ಸೋಮವಾರ ನಾನೇ ಹತ್ತಿ ನೋಡ್ತೀನಿ."

"ಹತ್ತೋದಾ? ಯಾವ ಸೊಂಟದಲ್ಲಿ?"

"ಇರೋ ಸೊಂಟದಲ್ಲೇ. ಒಂದು ಸಲ ಹತ್ತಿ ಇಳಿಯೋದು ಕಣೇ. ಮಳೆ ಹಿಡಿಯೋದ್ರೊಳಗೆ ಹೇಳ್ತೀನಿ ಅಂತ ಗ್ರಂಥಾಲಯದ ಮೇಡಂಗೆ ಮಾತು ಕೊಟ್ಟಿದೀನಿ."

"ನಿಮ್ಮದು ಯಾವತ್ತೂ ಅಷ್ಟೇ ರೀ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು."

"ಮೊಲದ್ದು ನಂಗೊತ್ತಿಲ್ಲ. ನೊಣಕ್ಕೆ ಮೂರೇ ಕಾಲು ಮಾಡಿದ್ದು ನೀನು."

ದಾರಿಯಲ್ಲಿ ರಿಪೇರಿ ಅಂಗಡಿಗೆ ನೊಣವನ್ನು ತೋರಿಸಿ ಮನೆಗೆ ಬಂದರು. ರಿಪೇರಿ ಅಂಗಡಿಯವನು ಪೂರ್ತಿ ಮೈ ಬದಲಿಸಬೇಕು ಅಂದಿದ್ದ, ಅಷ್ಟಕ್ಕೆ ಇಂಥದೇ ಇನ್ನೊಂದು ಹಳೆಯದು ಬರುತ್ತಿತ್ತು. ಎರಡೂ ಅವರ ಕೈಗೆಟುಕುವ ಮಾತಲ್ಲ. ಗಂಡ ಬಾಗಿಲ ಪಕ್ಕದ ಏಣಿಯ ಧೂಳು ಒರೆಸತೊಡಗಿದ. ಅದನ್ನು ನೋಡಲಾರದೆ ಅವಳು ಮುಂದಿನ ಕೋಣೆಗೆ, ಅತ್ತೆಯ ಹತ್ತಿರ ಹೋದಳು.

ಅತ್ತೆ ಕಟ್ಟುಹಲ್ಲು ಮಾಡುವವರು. ಊರಿನ ಹಲ್ಲು ಡಾಕ್ಟರುಗಳು ಅಳತೆ ಕಳಿಸುತ್ತಿದ್ದರು, ಅವರು ಹಲ್ಲಿನ ಸೆಟ್ಟು ಮಾಡಿ ವಾಪಸು ಕಳಿಸುತ್ತಿದ್ದರು. ಕೋಣೆಯ ಗೂಡುಗಳ ತುಂಬ ಪ್ಲಾಸ್ಟರಿನ ದವಡೆಗಳು ತುಟಿಯಿಲ್ಲದೆ ನಗುತ್ತಿದ್ದವು. "ಕಡಲೆ ಇದ್ದೋರಿಗೆ ಹಲ್ಲು ಕೊಡೋದು ನನ್ನ ಕೆಲಸ. ಹಲ್ಲಿದ್ದೋರಿಗೆ ಕಡಲೆ ಕೊಡೋದು ದೇವರಿಗೆ ಬಿಟ್ಟಿದ್ದು" ಎನ್ನುವುದು ಅವರ ಮಾತು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಆ ಕೋಣೆಗೆ ಕಾಲಿಡಲು ಹೆದರುತ್ತಿದ್ದಳು. ಈಗ ಹೆದರಿಕೆ ಬಾಗಿಲಾಚೆಯ ಏಣಿಯದು.

ಅತ್ತೆ ಮುರಿದ ಕಾಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುರಿದ ಜಾಗಕ್ಕೆ ಉಗುರು ತಾಗಿಸಿ ನೋಡಿದರು. "ಇದಕ್ಕೆ ಯಾರಾದ್ರೂ ಗಮ್ಮು ಹಚ್ಚಿದ್ರಾ?"

"ಇಲ್ಲ ಅತ್ತೆ. ನಿಮ್ಮ ಮಗ ಹಚ್ತೀನಿ ಅಂದ್ರು, ನಾನು ಕಿತ್ಕೊಂಡು ಬಂದೆ."

"ಬದುಕಿಸ್ದೆ. ಗಮ್ಮು ಹಚ್ಚಿದ ಸೆಟ್ಟು, ಸುಳ್ಳು ಹೇಳಿದ ಸಾಕ್ಷಿ, ಎರಡೂ ಮತ್ತೆ ನೆಟ್ಟಗೆ ಕೂರಲ್ಲ."

ಸೊಸೆಗೆ ಒಂದು ಉಪಾಯ ಹೊಳೆಯಿತು. "ಬಲಗಡೆ ಕಾಲು ಚೆನ್ನಾಗಿದ್ಯಲ್ಲ ಅತ್ತೆ, ಅದರ ಅಚ್ಚು ತೆಗೆದು ಹೊಸದೇ ಮಾಡಿದ್ರೆ?"

"ಮಾಡೋಣ. ಆಮೇಲೆ ನೀನೂ ಬಲಗಾಲಿನ ಚಪ್ಪಲೀನೇ ಎರಡಕ್ಕೂ ಹಾಕ್ಕೊಂಡು ಓಡಾಡು." ಅತ್ತೆ ನಕ್ಕು ಅವಳ ಕಡೆ ಸ್ಟೂಲು ತಳ್ಳಿದರು. "ಕೂತ್ಕೋ. ಮುರಿದ ಹಲ್ಲಿನ ಸೆಟ್ಟನ್ನ ಹೇಗೆ ಕೂಡಿಸ್ತೀನೋ ಹಾಗೇ ಕೂಡಿಸೋದು."

ಮೋಟರಿಗೆ ಹೋಗುವ ಕೂದಲೆಳೆಯಂಥ ಮೂರು ತಂತಿಗಳನ್ನು ಬೆಸುಗೆ ಬಿಡಿಸಿ ಅವರು ಮೊದಲು ಹೊರಗೆಳೆದು, ಮೈಗೆ ಉಳಿದಿದ್ದ ಕಾಲಿನ ಮೋಟನ್ನೂ ಬಿಚ್ಚಿದರು. ತಂತಿ ಹಾಯುವ ಪೊಳ್ಳು ಮುಚ್ಚಿಹೋಗದಿರಲೆಂದು ಅದರೊಳಗೆ ಒಂದು ಸ್ಟ್ರಾ ತೂರಿಸಿದರು. ಕಾಲಿನ ಎರಡು ತುಂಡುಗಳನ್ನು ಮುರಿದ ಅಂಚಿಗೆ ಅಂಚು ಕೂಡಿಸಿ, ಬಿಸಿ ಮೇಣದ ಬೊಟ್ಟುಗಳಲ್ಲಿ ನಿಲ್ಲಿಸಿದರು. ಒಮ್ಮೆ ನಿಲ್ಲಿಸಿ, ಕಣ್ಣು ಕಿರಿದು ಮಾಡಿ ನೋಡಿ, ಕಿತ್ತು, ಮತ್ತೆ ನಿಲ್ಲಿಸಿದರು. ಕೆಳಗಿನಿಂದ ಪ್ಲಾಸ್ಟರಿನ ಹಾಸಿಗೆ ಹಾಸಿದರು. ಅದು ಗಟ್ಟಿಯಾದ ಮೇಲೆ, ಸೊಸೆ ಬಾಯಿ ಬಿಟ್ಟು ನೋಡುತ್ತಿದ್ದ ಹಾಗೆಯೇ, ಅಷ್ಟು ಜೋಪಾನವಾಗಿ ಕೂಡಿಸಿದ ಜಾಗವನ್ನೇ ಸಣ್ಣ ಗಿರಗಿರ ಯಂತ್ರದಿಂದ ಕೊರೆದು ಅಗಲ ಮಾಡಿಬಿಟ್ಟರು.

"ಅಯ್ಯೋ ಅತ್ತೆ!"

"ಬಿರುಕಿನ ಮೇಲೆ ಸವರಿದ್ರೆ ಬಿರುಕು ಒಳಗೇ ಇರುತ್ತೆ. ಹೊಸದಕ್ಕೆ ಜಾಗ ಕೊಡ್ಬೇಕು."

ಹಲ್ಲು ನೆಟ್ಟಗೆ ಮಾಡುವ ಉಕ್ಕಿನ ತಂತಿಯ ಚೂರೊಂದನ್ನು ಅವರು ಆ ಕಾಲುವೆಯಲ್ಲಿ ಮಲಗಿಸಿದರು. ಗಂಡನ ಸೊಂಟದ ಎಕ್ಸ್‌ರೇ ಅವಳಿಗೆ ನೆನಪಾಯಿತು. ಹಲ್ಲಿನ ಸೆಟ್ಟು ಎರೆಯುವ ಪುಡಿಯನ್ನು ಅದರ ಮೇಲೆ ತುಂಬಿ, ಘಾಟು ವಾಸನೆಯ ದ್ರವ ತೊಟ್ಟಿಕ್ಕಿಸಿದರು. ಆ ದ್ರವ ಹಳೆಯ ಪ್ಲಾಸ್ಟಿಕ್ಕಿನ ಅಂಚನ್ನೂ ಚೂರು ಕರಗಿಸಿ ತನ್ನೊಳಗೆ ಸೇರಿಸಿಕೊಳ್ಳುತ್ತದಂತೆ. ಬಣ್ಣವಿಲ್ಲದ ಪುಡಿ ಮುಗಿದುಹೋಗಿತ್ತು. ಇದ್ದದ್ದು ವಸಡಿನ ಗುಲಾಬಿ ಬಣ್ಣದ್ದು.

ಕೊನೆಗೆ ಇಡೀ ಗಂಟು ಕುಕ್ಕರಿಗೆ ಹೋಯಿತು. ಅಡುಗೆಯಿಂದ ನಿವೃತ್ತಿಯಾದ ಕುಕ್ಕರು ಅದು. ಸೀಟಿಯ ಜಾಗದಲ್ಲಿ ಅತ್ತೆ ಸೈಕಲ್ ಟ್ಯೂಬಿನ ವಾಲ್ವು ಕೂರಿಸಿದ್ದರು. ಒಳಗೆ ಉಗುರುಬೆಚ್ಚಗಿನ ನೀರು. "ಹೂಂ, ಹೊಡಿ" ಎಂದು ಸೊಸೆಯ ಕೈಗೆ ಸೈಕಲ್ ಪಂಪು ಕೊಟ್ಟರು. "ಗಾಳಿಯ ಒತ್ತಡ ಇಲ್ದಿದ್ರೆ ಒಳಗೆ ಗುಳ್ಳೆ ಉಳಿಯುತ್ತೆ. ಗುಳ್ಳೆ ಉಳಿದ ಕಡೆಯಿಂದಾನೇ ಮತ್ತೆ ಮುರಿಯೋದು. ಇದಕ್ಕೂ ದೊಡ್ಡ ಮೆಷೀನು ಸಿಗುತ್ತೆ. ನಮ್ಮ ಮೆಷೀನು ನೀನೇ."

ಏದುಸಿರು ಬಿಡುತ್ತ ಪಂಪು ಹೊಡೆಯುವಾಗ ಅವಳಿಗೆ ನಗು ಬಂತು. ದೊಡ್ಡ ಅಂಗಡಿಯಲ್ಲಿ ಮೈ ಬದಲಿಸಬೇಕು ಅಂದದ್ದನ್ನು ಇಲ್ಲಿ ಒಂದು ಹಳೆಯ ಕುಕ್ಕರು, ಸೈಕಲ್ ಪಂಪು ಮತ್ತು ಯಾರದೋ ಬಾಯಿಗೆ ಹೋಗಬೇಕಿದ್ದ ವಸಡು ಸೇರಿ ಗುಣ ಮಾಡುತ್ತಿದ್ದವು. ಗಟ್ಟಿಯಾದ ಕಾಲನ್ನು ಮೈಗೆ ಕೂರಿಸಿ ಅತ್ತೆ ತಂತಿಗಳನ್ನು ಮತ್ತೆ ಬೆಸೆದರು. ಕ್ಯಾಮೆರಾ ನೇತಾಡುವ ರಬ್ಬರಿನ ಗುಂಡಿಗಳಲ್ಲಿ ಒಂದು ಉದುರಿಹೋಗಿತ್ತು. ಹಲ್ಲಿನ ಅಳತೆ ತೆಗೆಯುವ ಮೆತ್ತನೆಯ ರಬ್ಬರಿನಲ್ಲಿ ಅತ್ತೆ ಅಂಥದೇ ಒಂದನ್ನು ಎರೆದರು. ಮೊದಲನೆಯದು ಬಿರುಸಾಯಿತು, ಪರದೆಯಲ್ಲಿ ಚಿತ್ರ ಚಳಿ ಹಿಡಿದಂತೆ ನಡುಗಿತು. ಸುತ್ತ ಕೆತ್ತಿ ಸಣ್ಣದು ಮಾಡಿದ ಮೇಲೆ ನಿಂತಿತು.

ಮರುದಿನ ಅಂಗಳದಲ್ಲಿ ನೊಣ ನಾಲ್ಕು ಕಾಲಲ್ಲಿ ಎದ್ದು ನಿಂತಿತು, ಒಂದು ಕಾಲು ಗುಲಾಬಿ. ಗಂಡ ಬಾಗಿಲಲ್ಲಿ ನಿಂತು ನೋಡಿದ. "ಅಮ್ಮಾ, ಇದೇನು ನಿನ್ನ ನೊಣ ನಾಲಿಗೆ ಚಾಚಿದ ಹಾಗಿದೆ?"

"ನಿನ್ನ ನೋಡಿ ಚಾಚಿರ್ಬೇಕು ಕಣೋ."

ಅವನು ನಗಲಿಲ್ಲ. "ಹಾರಿದ್ರೆ ಏನಾಯ್ತು? ಮೇಲಕ್ಕೆ ನೋಡೋಕೆ ಮತ್ತೆ ಸೂರಿಗೇ ಹೋಗ್ಬೇಕು, ಮತ್ತೆ ಅದೇ ಕಥೆ. ನಾಳೆ ನಾನು ಹತ್ತೋದೇ."

ಅವನು ಹೇಳಿದ್ದು ಸರಿಯೇ ಆಗಿತ್ತು. ಅವಳು ಒಳಗೆ ಬಂದು ಗೂಡಿನ ದವಡೆಗಳನ್ನು ನೋಡುತ್ತ ಕೂತಳು. ಮೇಲ್ದವಡೆ, ಕೆಳದವಡೆ.

"ಅತ್ತೆ, ಡಾಕ್ಟರು ಮೇಲ್ದವಡೆಯ ಹಿಂದಿನ ಹಲ್ಲು ಹೇಗೆ ನೋಡ್ತಾರೆ? ಅವರೇನು ಬಾಯೊಳಗೆ ತಲೆ ತೂರಿಸಲ್ವಲ್ಲ?"

ಅತ್ತೆಯ ಕೈಯಲ್ಲಿದ್ದ ಉಜ್ಜುವ ಕಾಗದ ನಿಂತಿತು. ಅವರು ಸೊಸೆಯ ಮುಖವನ್ನು ನೋಡಿ, ಡ್ರಾಯರು ಎಳೆದು, ಉದ್ದ ಹಿಡಿಯ ಪುಟ್ಟ ದುಂಡು ಕನ್ನಡಿಯೊಂದನ್ನು ತೆಗೆದರು. "ನಾನು ಇಷ್ಟು ವರ್ಷ ಇದರ ಜೊತೆ ಇದ್ದೀನಿ. ಹೊಳೆದದ್ದು ನಿಂಗೆ" ಎಂದರು. ಅತ್ತೆಯಿಂದ ಇಂಥ ಮಾತು ಕೇಳಿ ಸೊಸೆಗೆ ಕೈಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ.

ಮೊದಲು ಅವಳು ಮುಖ ನೋಡುವ ಕನ್ನಡಿಯ ಚೂರೊಂದನ್ನು ಹಿಡಿದು ನೋಡಿದಳು, ಹಲ್ಲಿನ ಕನ್ನಡಿ ಹಾಳಾಗಬಾರದೆಂದು. ಚಿತ್ರ ಎರಡೆರಡಾಗಿ ಕಂಡಿತು. "ಮನೆ ಕನ್ನಡೀಲಿ ಪಾದರಸದ ಬಣ್ಣ ಗಾಜಿನ ಹಿಂದೆ ಇರುತ್ತೆ. ಇದರಲ್ಲಿ ಮುಂದೇನೇ ಇದೆ. ಒಂದು ಹಲ್ಲು ಒಂದೇ ಕಾಣ್ಬೇಕಲ್ಲ" ಎಂದು ಅತ್ತೆ ಹಲ್ಲಿನ ಕನ್ನಡಿಯ ಹಿಡಿಯನ್ನೇ ಕತ್ತರಿಸಿದರು. ತೆಳು ತಂತಿಯಲ್ಲಿ ಅದನ್ನು ನೊಣದ ಮೂತಿಯ ಮುಂದೆ, ಮೇಲಿನದು ಅದರಲ್ಲಿ ಕಾಣುವಂತೆ ಓರೆಯಾಗಿ ನಿಲ್ಲಿಸಿದರು. ಸ್ವಿಚ್ಚು ಹಾಕಿದ ಕೂಡಲೇ ಕ್ಯಾಮೆರಾ ಮೈಮುರಿದು ಅತ್ತಿತ್ತ ತಿರುಗಿ ಕನ್ನಡಿಗೆ ಟಕ್ ಎಂದು ಹೊಡೆಯಿತು. ತಂತಿಯನ್ನು ಅಕ್ಕಿಕಾಳಿನಷ್ಟು ಮುಂದೆ ಬಾಗಿಸಿದರು. ಈಗ ಮೂಗು ಭಾರವಾಯಿತು. ಸೊಸೆ ನೊಣವನ್ನು ಎರಡು ತೋರುಬೆರಳುಗಳ ತುದಿಯಲ್ಲಿ ತೂಗಿಸಿ ಹಿಡಿದಳು, ಅತ್ತೆ ಹಲ್ಲಿನ ಲೋಹದ ಚೂರುಗಳನ್ನು ಒಂದೊಂದೇ ಬಾಲದ ಮೇಲಿಟ್ಟರು. ನೊಣ ಸಮನಾದಾಗ ಇಬ್ಬರೂ ಉಸಿರು ಬಿಟ್ಟರು.

ಸೋಮವಾರ ಗಂಡ ಏಣಿಯನ್ನೂ ವ್ಯಾನಿನ ಮೇಲೆ ಕಟ್ಟಿಸಿದ. ಅವಳು ಬೇಡ ಅನ್ನಲಿಲ್ಲ. ಬೇಡ ಅಂದರೆ ಇನ್ನೂ ಬೇಗ ಹತ್ತುತ್ತಾನೆ. ಗ್ರಂಥಾಲಯದ ಮೂಲೆಯಲ್ಲಿ ಕೆಲಸದವರು ಏಣಿಯನ್ನು ಸೂರಿನ ಅಂಚಿನ ಹಲಗೆಗೆ ಆನಿಸಿ ನಿಲ್ಲಿಸಿದರು. ಬಣ್ಣ ಹೊಡೆದ ಹಲಗೆ, ನೋಡಲು ಬಂಡೆಯಂತಿತ್ತು.

"ಒಂದೇ ಒಂದು ಸುತ್ತು ರೀ" ಎಂದಳು. "ಆಮೇಲೆ ನಿಮ್ಮಿಷ್ಟ."

"ಬೇಗ ಮುಗ್ಸು."

ನೊಣ ಎದ್ದಿತು. ಈ ಸಲ ಅವಳು ಅದನ್ನು ಸೂರಿನಿಂದ ಬಹಳ ಕೆಳಗೆ, ಗಾಳಿ ಎಳೆದುಕೊಳ್ಳದಷ್ಟು ದೂರದಲ್ಲಿ ನಿಲ್ಲಿಸಿದಳು. ಪರದೆಯ ತುಂಬ ಗೋಡೆ, ನಡುವೆ ನಾಣ್ಯದಂಥ ದುಂಡು ಚಿತ್ರ. ಆ ದುಂಡಿನ ಮೇಲೆ ಬೆರಳೊತ್ತಿದಳು, ಕತ್ತಲು ತಿಳಿಯಾಯಿತು. ತೊಲೆಗಳ ಅಡಿ, ಜೇಡನ ಬಲೆ, ಹಳೆಯದೊಂದು ಹಕ್ಕಿಗೂಡು, ಎಲ್ಲ ಒಂದೊಂದಾಗಿ ಆ ನಾಣ್ಯದೊಳಗೆ ತೇಲಿ ಹೋದವು. ಗಂಡ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

"ಗಟ್ಟಿ. ಗಟ್ಟಿ. ಇದೂ ಗಟ್ಟಿ. ಎಡಕ್ಕೆ ಹೋಗು."

ಅವಳು ಎಡಕ್ಕೆ ಸರಿದಳು.

"ನಿಲ್ಲು."

ಅಂಚಿನ ಹಲಗೆಯ ಹಿಂಬದಿ. ಹೊರಗಿನಿಂದ ಬಂಡೆಯಂತಿದ್ದ ಹಲಗೆಯ ಬೆನ್ನೇ ಇರಲಿಲ್ಲ. ಮರ ಬ್ರೆಡ್ಡಿನಂತೆ ಉದುರಿ, ಹತ್ತಿಯಂಥ ಬಿಳಿ ಬೂಷ್ಟು ಹಬ್ಬಿತ್ತು. ಅದನ್ನು ಹೊತ್ತ ತೊಲೆಯ ತುದಿಯೂ ಕಪ್ಪಗೆ ಟೊಳ್ಳಾಗಿತ್ತು. ನೀರು ಅಲ್ಲಿಂದಲೇ ಒಳಗಿಳಿದಿತ್ತು.

"ಸಿಕ್ತು" ಎಂದ ಅವನು, ಹುಳುಕು ಸಿಕ್ಕಿದ ಖುಷಿಯಲ್ಲಿ. "ಕಳ್ಳ ಸಿಕ್ಕ. ಇನ್ನೊಂಚೂರು ಎಡಕ್ಕೆ, ಎಲ್ಲೀವರೆಗೆ ಹಬ್ಬಿದೆ ನೋಡೋಣ."

ದುಂಡು ಚಿತ್ರದ ಅಂಚಿನಿಂದ ಬೆಳ್ಳಗಿನ ಎರಡು ಕೊಳವೆಗಳು ಒಳಬಂದವು. ಅವು ಆ ಬ್ರೆಡ್ಡಿನಂಥ ಮರಕ್ಕೇ ಒರಗಿದ್ದವು.

ಅವನು ಪರದೆಯಲ್ಲಿ ತನ್ನ ಏಣಿಯ ತಲೆಯನ್ನು ನೋಡಿದ, ಕತ್ತೆತ್ತಿ ಮೂಲೆಯ ಏಣಿಯನ್ನು ನೋಡಿದ, ಮತ್ತೆ ಪರದೆಯನ್ನು ನೋಡಿದ. ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ಏಯ್" ಎಂದು ಕೆಲಸದವರನ್ನು ಕರೆದ. "ಆ ಏಣಿ ಇಳಿಸ್ರೋ. ಮೆಲ್ಲಗೆ. ಕೆಳಗೆ ಯಾರೂ ನಿಲ್ಬೇಡಿ."

ಏಣಿ ಸರಿಯುವಾಗ ಹಲಗೆಯಿಂದ ಒಂದು ಹಿಡಿ ಪುಡಿ ಸದ್ದಿಲ್ಲದೆ ಉದುರಿತು. ಅವಳು ನೊಣವನ್ನು ಹುಲ್ಲಿನ ಮೇಲೆ ಇಳಿಸಿದಳು.

ವಾಪಸು ಬರುವಾಗ ಅವನು ನೊಣವನ್ನು ಮಡಿಲಲ್ಲಿ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ, ಎಳೆಗೂಸನ್ನು ಹಿಡಿದವರಂತೆ. ವ್ಯಾನು ಸಣ್ಣ ಗುಂಡಿಗೆ ಇಳಿದರೂ ಸಾಕು, "ಮೆಲ್ಲಗೆ ಕಣೇ" ಎನ್ನುತ್ತಿದ್ದ. ಮನೆಗೆ ಬಂದವನು ನೇರ ಮುಂದಿನ ಕೋಣೆಗೆ ಹೋಗಿ ಅದನ್ನು ಅಮ್ಮನ ಮೇಜಿನ ಮೇಲೆ, ಹಲ್ಲುಗಳ ನಡುವೆ ಇಟ್ಟ. ಆದದ್ದನ್ನೆಲ್ಲ ಹೇಳಿದ. ಏಣಿಯ ಮಾತು ಬಂದಾಗ ಮಾತ್ರ ಗೂಡಿನ ಕಡೆ ಮುಖ ತಿರುಗಿಸಿದ್ದ.

ಅತ್ತೆ ಕೇಳಿಸಿಕೊಂಡರು. ಕನ್ನಡಕ ಒರೆಸಿಕೊಂಡಂತೆ ಮಾಡಿ ಕಣ್ಣೊರೆಸಿಕೊಂಡರು. "ಹಲ್ಲೂ ಹಾಗೇನೇ" ಎಂದರು. "ಮುಂದೆ ಬೆಳ್ಳಗೇ ಇರುತ್ತೆ."

"ಅಮ್ಮಾ, ಉಳಿದ ಮೂರು ಕಾಲಿಗೂ ಈ ಗುಲಾಬೀದೇ ಹಾಕಿಬಿಡು. ಗಟ್ಟಿಯಾಗಿದೆ."

"ಹೋಗೋ. ಮುರೀದೇ ಇರೋದಕ್ಕೆ ನಾನು ಕೈ ಹಾಕಲ್ಲ" ಎಂದು ಅತ್ತೆ ಡ್ರಾಯರಿನಿಂದ ಮೆತ್ತನೆಯ ಬಟ್ಟೆ ತೆಗೆದು ಸೊಸೆಯ ಕಡೆ ಚಾಚಿದರು. "ನೀನು ಆ ಕನ್ನಡಿ ಒರೆಸು. ಬೆರಳು ತಾಗಿಸ್ಬೇಡ."

ಸ್ವಲ್ಪ ಹೊತ್ತಿಗೆ ಹೊರಗೆ ಗಂಡ ವ್ಯಾನಿನಿಂದ ಏಣಿ ಇಳಿಸುವ ಸದ್ದಾಯಿತು. ಈ ಸಲ ಏಣಿ ಬಾಗಿಲ ಪಕ್ಕಕ್ಕೆ ಬರಲಿಲ್ಲ. ಅವನು ಅದನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಗೋಡೆಗುಂಟ ನೆಲದ ಮೇಲೆ ಅಡ್ಡ ಮಲಗಿಸಿ, ಅದರ ಮೇಲೆಯೇ ಕೂತು ಬೂಟಿನ ದಾರ ಬಿಚ್ಚತೊಡಗಿದ.