ಇನ್ನೊಂಚೂರು ಬೆಳಕು

ತುಮಕೂರಿನ ಅಪರ್ಣ ಮೇಡಂ ಅವರಿಗೆ ಬಣ್ಣದ ಭೇದ ಇರಲಿಲ್ಲ. ಯಾರೂ ಕೇಳದಿದ್ದರೂ ಅವರೇ ಇದನ್ನು ಹೇಳುತ್ತಿದ್ದರು. ತಮ್ಮ ನರ್ಸರಿ ಶಾಲೆಯ ಅಡ್ಮಿಷನ್ ಫ್ಲೆಕ್ಸಿಗೆ ಫಾರಿನ್ ಮಕ್ಕಳ ಫೋಟೊ ಬೇಡ, ನಮ್ಮ ಮಣ್ಣಿನ ಮಗುವೇ ಬೇಕೆಂದು ಗುಬ್ಬಿ ಬ್ರಾಂಚಿನ ಗಂಗೂಳನ್ನು ಆರಿಸಿದ್ದೂ ಅವರೇ. ಗಂಗೂಳ ಅಪ್ಪ ಅಂಜನ್‌ಕುಮಾರ್ ಗುಬ್ಬಿಯಲ್ಲೇ ಸ್ಟುಡಿಯೊ ಇಟ್ಟಿದ್ದರಿಂದ ಫೋಟೊಗ್ರಾಫರನ ಖರ್ಚೂ ಉಳಿಯಿತು.

ನಾಲ್ಕು ವರ್ಷದ ಗಂಗೂ ಬೀದಿಗೆಲ್ಲ ಸಾರಿದಳು. "ಬಸ್‌ಸ್ಟ್ಯಾಂಡಲ್ಲಿ ನಾನು ದೊಡ್ಡದಾಗಿ ಇರ್ತೀನಿ."

ಮಧ್ಯಾಹ್ನದ ಬಿಸಿಲಿಗೆ ಮಕ್ಕಳ ಕಣ್ಣುಗುಳಿ ಕಪ್ಪಾಗುತ್ತದೆ, ಮುಖ ಕಿವುಚಿಕೊಳ್ಳುತ್ತದೆ ಎಂದು ಅಂಜನ್‌ಕುಮಾರ್ ಸಂಜೆಯ ತನಕ ಕಾದ. ಶಾಲೆಯ ಹಿಂದಿನ ಹೊಂಗೆಮರದ ನೆರಳಿನ ಅಂಚಿನಲ್ಲಿ, ಬಯಲಿಗೆ ಮುಖ ಮಾಡಿಸಿ ಮಗಳನ್ನು ಕೂರಿಸಿದ. ಹೆಂಡತಿ ಶಿಲ್ಪಾಳ ಕೈಗೆ ಬಿಳಿ ಪಂಚೆ ಕೊಟ್ಟು, ಬಯಲಿನ ಬೆಳಕು ಅದಕ್ಕೆ ತಾಗಿ ಮಗುವಿನ ಗಲ್ಲಕ್ಕೆ ಮರಳುವಂತೆ ಹಿಡಿಸಿದ.

"ಕೈ ಸೋತೋಯ್ತು ಕಣ್ರೀ. ನಮ್ ಮದುವೇಲೂ ನಿಮ್ಗೆ ಇಷ್ಟು ಶ್ರದ್ಧೆ ಇರ್ಲಿಲ್ಲ."

"ಅವತ್ತು ಬೆಳಕೆಲ್ಲ ನಿಮ್ಮಪ್ಪನ ಮೀಸೆ ಮೇಲೇ ಬಿದ್ದಿತ್ತು ಬುಡು. ಎತ್ತು, ಇನ್ನೊಂಚೂರು."

ಬಿಳಿ ಯೂನಿಫಾರಂ ಕಂಡರೆ ಕ್ಯಾಮೆರಾ ಮೋಸಹೋಗಿ ಮುಖವನ್ನು ಮಂಕಾಗಿಸುತ್ತದೆ. ಅದಕ್ಕೆಂದೇ ಎಕ್ಸ್‌ಪೋಷರ್ ತುಸು ಏರಿಸಿ, ಮೊಣಕಾಲೂರಿ ಮಗಳ ಕಣ್ಣಿನ ಮಟ್ಟಕ್ಕೆ ಇಳಿದ. ಗಂಗೂ ಒಂದು ಕಟ್ಟಿರುವೆಯನ್ನು ನೋಡಿ ನಕ್ಕಳು. ಸಿಕ್ಕಿತು. ಹುರಿದ ರಾಗಿಯ ಬಣ್ಣದ ಕೆನ್ನೆ, ಎರಡು ಕಣ್ಣಲ್ಲೂ ಆಕಾಶದ ಒಂದೊಂದು ಚೂರು.

ಫೋಟೊ ನೋಡಿ ಮೇಡಂ ಫೋನ್ ಮಾಡಿದರು. "ಬ್ಯೂಟಿಫುಲ್ ಅಂಜನ್. ಒಂಚೂರು ಲೈಟ್ ಕಮ್ಮಿ ಆಯ್ತಲ್ವಾ?"

"ಲೈಟ್ ಸರಿಯಾಗೈತೆ ಮೇಡಂ. ಮಗೂನೇ ಆ ಬಣ್ಣ."

"ಅಯ್ಯೋ, ನಂಗೆ ಅದೆಲ್ಲ ಇಲ್ಲಪ್ಪ. ಪೇರೆಂಟ್ಸ್ ನೋಡ್ಬೇಕಲ್ಲ. ಆಗಲ್ಲ ಅಂದ್ರೆ ಹೇಳಿ, ಕುಣಿಗಲ್ ಬ್ರಾಂಚಲ್ಲಿ ಒಂದು ಮಗು ಇದೆ."

ಅಂಜನ್‌ಕುಮಾರನೂ ಪೇರೆಂಟೇ. ಆದರೆ ಮೇಡಂ ಹೇಳಿದ ಪೇರೆಂಟ್ಸ್ ಬೇರೆ.

ಮಗಳು ಫ್ಲೆಕ್ಸಿನಿಂದ ಹೋಗಬಾರದೆಂದು ಅಪ್ಪ ಕಂಪ್ಯೂಟರಿನ ಮುಂದೆ ಕೂತ. ಮುಖದ ಬೆಳಕನ್ನು ಒಂಚೂರು ಏರಿಸಿ ಕಳಿಸಿದ. "ಇನ್ನೊಂಚೂರು," ಎಂದು ಮೆಸೇಜ್ ಬಂತು. ಏರಿಸಿದ. ಕಣ್ಣೊಳಗಿನ ಆಕಾಶ ಹೋಯಿತು. "ಇನ್ನೊಂಚೂರು." ಮೂಗು ಹೋಯಿತು. ಅಜ್ಜಿ ಪುಟ್ಟಗಂಗಮ್ಮ ಗಲ್ಲಕ್ಕಿಟ್ಟಿದ್ದ ದೃಷ್ಟಿಬೊಟ್ಟು ಮಾತ್ರ ಹಠ ಹಿಡಿದು ನಿಂತಿತ್ತು.

"ಅದೇನು ಕಲೆ? ತೆಗೀರಿ."

ತೆಗೆದ.

"ಈಗ ನೋಡಿ, ಎಷ್ಟು ನ್ಯಾಚುರಲ್ಲಾಗಿದೆ," ಎಂದರು ಮೇಡಂ.

ತುಮಕೂರು, ಗುಬ್ಬಿ, ಕುಣಿಗಲ್, ಎಲ್ಲ ಕಡೆ ಫ್ಲೆಕ್ಸ್ ಎದ್ದವು. ಗಂಗೂ ಅಪ್ಪನನ್ನೂ ಅಜ್ಜಿಯನ್ನೂ ಎಳೆದುಕೊಂಡು ಗುಬ್ಬಿ ಬಸ್‌ಸ್ಟ್ಯಾಂಡಿಗೆ ಓಡಿದಳು. ಪುಟ್ಟಗಂಗಮ್ಮ ಹಣೆಗೆ ಕೈ ಅಡ್ಡ ಹಿಡಿದು ತಲೆಯೆತ್ತಿ ನೋಡಿದರು.

"ಯಾರ್ಲಾ ಈ ಮಗ? ಪಾಪ, ಮೈಯಾಗೆ ರಕ್ತಾನೇ ಇಲ್ವಲ್ಲ. ಅವರಪ್ಪ ಅನ್ನಿಸ್ಕೊಂಡೋನು ಆಸ್ಪತ್ರೆಗೆ ತೋರಿಸ್ಬಾರ್ದಾ?"

ಅಂಜನ್‌ಕುಮಾರ್ ಬಸ್ಸುಗಳ ಬೋರ್ಡು ಓದತೊಡಗಿದ.

ಗಂಗೂ ಫ್ಲೆಕ್ಸಿನ ಮುಖದಲ್ಲಿ ತನ್ನನ್ನು ಹುಡುಕಿದಳು. ಅಲ್ಲಿ ಅವಳಿಗೆ ಯಾರೂ ಸಿಗಲಿಲ್ಲ. ನೋಟ ನಿಧಾನ ಕೆಳಗಿಳಿಯಿತು. ಮಡಿಲಲ್ಲಿದ್ದ ಕೈಗಳಿಗೆ ಬೆಳಕು ಬಳಿಯಲು ಅಪ್ಪ ಮರೆತಿದ್ದ. ಅದೇ ರಾಗಿ ಬಣ್ಣದ ಬೆರಳು, ಅದೇ ಕರಿಮಣಿ ಬಳೆ. ಅವಳು ತನ್ನ ಕೈ ಎತ್ತಿ ಹೋಲಿಸಿ ನೋಡಿದಳು.

"ಅಪ್ಪ, ಆ ಹುಡುಗಿ ನನ್ ಕೈ ಇಕ್ಕೊಂಡವ್ಳೆ," ಎಂದಳು. "ಇಸ್ಕೊಡು."